ಫ್ರೀಮಾಂಟಿನ ದಾರಿಯಲ್ಲಿ ಒಂದು ನೊಗ

ಪ್ರವಾಸ ಮುಗಿಸಿ ಬಂದವರು ಲೇಖನಿ ಹಿಡಿದಾಗ ಬೆಟ್ಟ, ಕಡಲು, ಸೇತುವೆ, ದೇವಾಲಯಗಳ ವರ್ಣನೆಯಿಂದ ತೊಡಗುವುದು ವಾಡಿಕೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಸಿದ್ಧ ಕೆಂಪು ಸೇತುವೆಯನ್ನು ನಾವೂ ಕಂಡೆವು; ಮಂಜು ಮುಸುಕಿದ್ದರಿಂದ ಅದರ ಅರ್ಧ ಭಾಗವಷ್ಟೇ ನಮ್ಮ ಕಣ್ಣಿಗೆ ದಕ್ಕಿತು. ಅದರ ವಿಷಯವಾಗಿ ಬರೆದವರು ಬಹಳ ಜನರಿದ್ದಾರೆ. 2024ರ ಮೇ ತಿಂಗಳಿನಿಂದ ಅಕ್ಟೋಬರ್ ತಿಂಗಳವರೆಗೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಫ್ರೀಮಾಂಟ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದು ಹಿಂದಿರುಗಿದ ನಮ್ಮಿಬ್ಬರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಒಂದು ಸಣ್ಣ ವಸ್ತು. ಅದು ಕಾರಿನ ಸ್ಟಿಯರಿಂಗು. ಓದುಗ ಬಂಧುಗಳು ನಗಬಾರದು. ಆ ಸ್ಟಿಯರಿಂಗಿನ ಸುತ್ತ ಒಂದು ಮನೆಯ ನೆಮ್ಮದಿ ಹೇಗೆ ಸುತ್ತಿಕೊಂಡಿತ್ತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ನಮ್ಮಿಬ್ಬರಲ್ಲಿ ಒಬ್ಬರು ಇಪ್ಪತ್ತು ವರ್ಷ ಅಂಬಾಸಿಡರ್ ಕಾರು ಓಡಿಸಿದವರು. ಇನ್ನೊಬ್ಬರು ಅಷ್ಟೇ ವರ್ಷ ಪಕ್ಕದಲ್ಲಿ ಕುಳಿತು ದಾರಿ ಹೇಳಿದವರು. ಆದಕಾರಣ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನಮಗೆ ಸ್ವಲ್ಪ ಮಟ್ಟಿಗೆ ಉಂಟೆಂದು ಭಾವಿಸಿದ್ದೇವೆ.

ಮೊದಲು ಊರಿನ ಪರಿಚಯವನ್ನು ಮಾಡಿಕೊಡಬೇಕು. ಸೆಂಟರ್‌ವಿಲ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ನೈಲ್ಸ್, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಸಣ್ಣ ಊರುಗಳು 1956ರಲ್ಲಿ ಒಂದುಗೂಡಿ ಫ್ರೀಮಾಂಟ್ ಎನಿಸಿಕೊಂಡವು. ಪೂರ್ವಕ್ಕೆ ಮಿಷನ್ ಪೀಕ್ ಎಂಬ ಗುಡ್ಡ. ಮಳೆಗಾಲ ಮುಗಿದೊಡನೆ ಅದರ ಮೇಲಿನ ಹುಲ್ಲೆಲ್ಲ ಒಣಗಿ, ನಮ್ಮ ಗದಗಿನ ಸೀಮೆಯ ಬೇಸಿಗೆಯ ಗುಡ್ಡಗಳಂತೆಯೇ ಹಳದಿಯಾಗಿ ಕಾಣುತ್ತದೆ. ಪಶ್ಚಿಮಕ್ಕೆ ಕೊಲ್ಲಿಯ ತಗ್ಗು ನೀರು. ನೈಲ್ಸ್ ಬೀದಿಯಲ್ಲಿ ಚಾರ್ಲಿ ಚಾಪ್ಲಿನ್ 1915ರಲ್ಲಿ ಮೂಕಿ ಚಿತ್ರಗಳಲ್ಲಿ ಅಭಿನಯಿಸಿದ್ದನೆಂದು ಹೆಮ್ಮೆಯಿಂದ ತೋರಿಸುತ್ತಾರೆ. ದಕ್ಷಿಣದ ವಾರ್ಮ್ ಸ್ಪ್ರಿಂಗ್ಸಿನಲ್ಲಿ ಹೆದ್ದಾರಿಯ ಮಗ್ಗುಲಿಗೆ ಒಂದು ಮಹಾ ಕಾರ್ಖಾನೆ ಇದೆ. ಕಾರಿನಲ್ಲಿ ಹೋಗುವಾಗ ಅದರ ಬಿಳಿಯ ಗೋಡೆ ಮುಗಿಯಿತೆಂದರೂ ಮುಗಿಯುವುದಿಲ್ಲ. ಮೊದಲು ಅದು ಜನರಲ್ ಮೋಟರ್ಸ್ ಸಂಸ್ಥೆಯದಾಗಿತ್ತು. 1984ರಿಂದ ಜನರಲ್ ಮೋಟರ್ಸ್ ಮತ್ತು ಜಪಾನಿನ ಟೊಯೋಟ ಕೂಡಿ ಅಲ್ಲಿ ಕಾರು ಮಾಡಿದವು. ಆ ಜಂಟಿ ಕಾರ್ಖಾನೆಯ ಕೊನೆಯ ಕಾರು, ಒಂದು ಕೆಂಪು ಕೊರೊಲ್ಲಾ, 2010ರ ಏಪ್ರಿಲ್ 1ರಂದು ಹೊರಬಂದಿತು. ಅದೇ ವರ್ಷ ಟೆಸ್ಲಾ ಕಂಪನಿ ಆ ಕಟ್ಟಡವನ್ನು ಕೊಂಡುಕೊಂಡು ವಿದ್ಯುತ್ ಕಾರುಗಳ ತಯಾರಿಕೆಗೆ ಇಳಿಯಿತು. ಹೀಗಾಗಿ ಕಾರಿನ ಹಳತು ಹೊಸತು ಎರಡೂ ಈ ಊರಿನವರಿಗೆ ಮನೆಯ ಮಾತು.

ಊರು ಅಂದವಾಗಿದೆ, ಸ್ವಚ್ಛವಾಗಿದೆ; ಆದರೆ ಕಾರಿಲ್ಲದವರಿಗೆ ಅಲ್ಲಿ ಕಾಲೇ ಇಲ್ಲವೆನ್ನಬೇಕು. ಕೊತ್ತಂಬರಿ ಬೇಕೆಂದರೂ ಎರಡು ಮೈಲಿ, ಸ್ನೇಹಿತರ ಮನೆಗೆ ಹೋಗಬೇಕೆಂದರೆ ಹತ್ತು ಮೈಲಿ. ನಮ್ಮಲ್ಲಿ ವಯಸ್ಸಾದವರು ಕಟ್ಟೆಯ ಮೇಲೆ ಕುಳಿತರೆ ಊರೇ ಅವರ ಬಳಿಗೆ ಬರುತ್ತದೆ. ಅಲ್ಲಿ ಅಂಗಳದಲ್ಲಿ ಕುಳಿತರೆ ಅಂಚೆಯವನೊಬ್ಬನೇ ಬರುವವನು, ಅವನೂ ನಿಲ್ಲುವುದಿಲ್ಲ.

ಮಗಳ ಮನೆಯಲ್ಲಿ ನಮ್ಮ ಬೀಗರು ಇದ್ದಾರೆ. ಗದಗಿನ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರು. ನಾವು ಹೋದಾಗ ಅವರಿಗೆ ಎಪ್ಪತ್ನಾಲ್ಕು ವರ್ಷ. ಬೀಗತಿಯವರು ಲಿಂಗೈಕ್ಯರಾದ ಮೇಲೆ ಮಗ ಒತ್ತಾಯದಿಂದ ಕರೆದುಕೊಂಡು ಹೋದನು. ಮೊದಲ ವರ್ಷ ಕಿಟಕಿಯ ಬಳಿ ಕುಳಿತು ಕಾಲ ಕಳೆದರಂತೆ. ಬಳಿಕ ಕೈಪಿಡಿ ಓದಿ, ಪರೀಕ್ಷೆ ಕೊಟ್ಟು, ಅಲ್ಲಿಯ ಲೈಸೆನ್ಸು ಪಡೆದರು. ಅಂದಿನಿಂದ ಮನೆಯಲ್ಲಿದ್ದ 2009ರ ಕೊರೊಲ್ಲಾ ಅವರ ಪಾಲಿಗೆ ಬಂದಿತು. ಅದೇ ವಾರ್ಮ್ ಸ್ಪ್ರಿಂಗ್ಸಿನ ಕಾರ್ಖಾನೆಯಲ್ಲಿ ಹುಟ್ಟಿದ ಕಾರು ಅದು. ಬೆಳಿಗ್ಗೆ ಎಲಿಜಬೆತ್ ಕೆರೆಯ ದಂಡೆಗೆ ವಾಯುವಿಹಾರ, ಮಧ್ಯಾಹ್ನ ಎರಡೂವರೆಗೆ ಚಿಕ್ಕ ಮೊಮ್ಮಗನನ್ನು ಶಾಲೆಯಿಂದ ಕರೆತರುವುದು, ವಾರಕ್ಕೊಮ್ಮೆ ಗ್ರಂಥಾಲಯ, ತಿಂಗಳಿಗೆರಡು ಬಾರಿ ಕಣ್ಣು ಕಾಣದ ಒಬ್ಬ ಹಿರಿಯ ಕನ್ನಡಿಗರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಈ ನಾಲ್ಕು ಕೆಲಸಗಳ ಮೇಲೆ ಅವರ ಜೀವನ ನಿಂತಿತ್ತು. ಅವರು ಮಗನ ಮನೆಯಲ್ಲಿ ಅತಿಥಿಯಂತಿರದೆ ಮನೆಯ ಯಜಮಾನರಂತಿದ್ದುದಕ್ಕೆ ಆ ಹಳೆಯ ಕಾರೇ ಕಾರಣವೆಂದು ನಮಗೆ ಒಂದೇ ವಾರದಲ್ಲಿ ಮನವರಿಕೆಯಾಯಿತು.

ಆ ಕೊರೊಲ್ಲಾದ ಗೇರ್‌ಬಾಕ್ಸು ಜೂನ್ ತಿಂಗಳಿನಲ್ಲಿ ಗೊರಗುಟ್ಟಲಾರಂಭಿಸಿತು. ದುರಸ್ತಿಗೆ ಕಾರಿನ ಬೆಲೆಗಿಂತ ಹೆಚ್ಚು ಖರ್ಚಾಗುವುದೆಂದು ಗ್ಯಾರೇಜಿನವರು ತಿಳಿಸಿದರು. ಅಳಿಯಂದಿರು ಹೊಸದೊಂದು ವಿದ್ಯುತ್ ಕಾರನ್ನು ಮನೆಗೆ ತಂದರು. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಅದರ ಸ್ಟಿಯರಿಂಗು ಗುಂಡಗೇ ಇತ್ತು; ಆದರೆ ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಇರಬೇಕಾದ ಕಡ್ಡಿಗಳು, ಅಂದರೆ ಇಂಡಿಕೇಟರಿನ ಲಿವರು, ವೈಪರಿನ ಲಿವರು, ಎರಡೂ ಇರಲಿಲ್ಲ. ಸ್ಟಿಯರಿಂಗಿನ ಎಡತೋಳಿನ ಮೇಲೆ ಒಂದರ ಕೆಳಗೊಂದರಂತೆ ಎರಡು ಗುಂಡಿಗಳು. ಮೇಲಿನದನ್ನು ಒತ್ತಿದರೆ ಎಡಗಡೆಯ ದೀಪ, ಕೆಳಗಿನದನ್ನು ಒತ್ತಿದರೆ ಬಲಗಡೆಯ ದೀಪ. ಗೇರು ಹಾಕುವುದಕ್ಕೂ ಕೋಲಿಲ್ಲ. ಗಾಜಿನ ಪರದೆಯ ಮೇಲೆ ಬೆರಳಾಡಿಸಬೇಕು.

ಬೀಗರು ಕಾರಿನೊಳಗೆ ಕುಳಿತು, ಎಡಗೈಯನ್ನು ಸ್ಟಿಯರಿಂಗಿನ ಹಿಂದಕ್ಕೆ ಚಾಚಿ, ಅಲ್ಲಿ ಏನೂ ಸಿಗದೆ ನಮ್ಮ ಕಡೆಗೆ ನೋಡಿದರು. "ಏನ್ರೀ ಬೀಗರ, ನನ್ನ ಕೈಯಾಗಿನ ಬಡಿಗೀನ ಕಸಗೊಂಡಾರಲ್ಲ!" ಎಂದರು. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆದರೆ ಮರುದಿನ ಶಾಲೆಗೆ ಮೊಮ್ಮಗನನ್ನು ಕರೆತರಲು ಹೋದವರು ನಮ್ಮ ಮಗಳು. ಅದರ ಮರುದಿನವೂ ಮಗಳೇ. ಕೆರೆಯ ದಂಡೆಯ ವಾಯುವಿಹಾರವು ಮನೆಯ ಹಿಂದಿನ ಅಂಗಳದಲ್ಲಿ ಇಪ್ಪತ್ತು ಸುತ್ತುಗಳಾಗಿ ಮಾರ್ಪಟ್ಟಿತು. ಯಾರೂ ಏನೂ ಆಡಿಕೊಳ್ಳಲಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ ಮಾತು ಕಡಿಮೆಯಾಯಿತು.

ಇದೇ ಸಮಯಕ್ಕೆ ಒಂದು ಭಾನುವಾರ ಸಮಾಜದ ಬಂಧುಗಳೊಬ್ಬರ ಮನೆಯಲ್ಲಿ ಕೂಟವಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟವಾದ ಬಳಿಕ ಒಬ್ಬ ತರುಣರು ತಮ್ಮ ಕಾರನ್ನು ತೋರಿಸಲು ನಮ್ಮನ್ನು ಹೊರಗೆ ಕರೆದೊಯ್ದರು. ಅದರ ಸ್ಟಿಯರಿಂಗನ್ನು ನೋಡಿ ನಾವು ಬೆರಗಾದೆವು. ಚಕ್ರದ ಮೇಲಿನ ಅರ್ಧವನ್ನು ಗರಗಸದಿಂದ ಕೊಯ್ದು ತೆಗೆದಂತಿತ್ತು. ಎಡಕ್ಕೆ ಬಲಕ್ಕೆ ಹಿಡಿಯಲು ಎರಡು ಹಿಡಿಗಳು, ಕೆಳಗೊಂದು ಅಡ್ಡಪಟ್ಟಿ. ವಿಮಾನದ ಚಾಲಕರ ಕೈಯಲ್ಲಿರುವಂಥದು. "ಇದಕ್ಕೆ ಯೋಕ್ ಅಂತಾರೆ" ಎಂದು ಅವರು ಹೇಳಿದಾಗ ನಮಗೆ ಮತ್ತಷ್ಟು ಸೋಜಿಗ. ಯೋಕ್ ಎಂದರೆ ನೊಗ. ನಾವು ಕಂಡ ನೊಗ ಎತ್ತಿನ ಹೆಗಲ ಮೇಲಿರುವುದು. ಬಂಡಿ ಹೊಡೆಯುವವನ ಕೈಯಲ್ಲಿರುವುದು ಹಗ್ಗ. ನೊಗವನ್ನು ಹೊಡೆಯುವವನ ಕೈಗೇ ಕೊಟ್ಟಿರುವ ಈ ಕಾಲದಲ್ಲಿ ಎಳೆಯುತ್ತಿರುವವರು ಯಾರೋ ನಮಗೆ ತಿಳಿಯದು.

ಈ ನೊಗದ ಚರಿತ್ರೆ ದೊಡ್ಡದೇನಲ್ಲ. ಟೆಸ್ಲಾ ಕಂಪನಿಯವರು 2021ರ ಜನವರಿಯಲ್ಲಿ ತಮ್ಮ ಮಾಡೆಲ್ ಎಸ್ ಕಾರಿನ ಹೊಸ ರೂಪವನ್ನು ಪ್ರಕಟಿಸಿದಾಗ ಇದನ್ನು ಲೋಕಕ್ಕೆ ತೋರಿಸಿದರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಇದೇ ಫ್ರೀಮಾಂಟಿನ ಕಾರ್ಖಾನೆಯಲ್ಲಿ ಸಮಾರಂಭ ನಡೆಸಿ ಮೊದಲ ಕಾರುಗಳನ್ನು ಗ್ರಾಹಕರಿಗೆ ಒಪ್ಪಿಸಿದರು. ಮೊದಮೊದಲು ಗುಂಡನೆಯ ಚಕ್ರ ಬೇಕೆಂದರೆ ಕೊಡುತ್ತಿರಲಿಲ್ಲ. ಇಂಡಿಕೇಟರು, ದೀಪ, ವೈಪರುಗಳೆಲ್ಲ ನೊಗದ ಮೇಲಿನ ಸ್ಪರ್ಶದ ಗುಂಡಿಗಳಾದವು. ಅಷ್ಟೇಕೆ, ಹಾರ್ನ್ ಕೂಡ ನಡುವಿನಿಂದ ಬಲಗಡೆಯ ಒಂದು ಸಣ್ಣ ಗುಂಡಿಗೆ ಸರಿಯಿತು. ಅಪಾಯದ ಹೊತ್ತಿನಲ್ಲಿ ಮನುಷ್ಯನು ಅಂಗೈಯಿಂದ ನಡುವನ್ನು ಗುದ್ದುತ್ತಾನೆಯೇ ಹೊರತು ಹೆಬ್ಬೆರಳಿನಿಂದ ಗುಂಡಿಯನ್ನು ಹುಡುಕುವುದಿಲ್ಲ. ಈ ಮಾತನ್ನು ಅಮೆರಿಕದ ಬಳಕೆದಾರರ ಪತ್ರಿಕೆಯಾದ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಕಾರನ್ನು ಪರೀಕ್ಷಿಸಿದಾಗಲೂ ಆಕ್ಷೇಪವಾಗಿ ಎತ್ತಿದ್ದರು. 2023ರ ಜನವರಿಯಲ್ಲಿ ಕಂಪನಿಯು ಗುಂಡನೆಯ ಚಕ್ರವನ್ನೂ ಕೊಡತೊಡಗಿತು. ಮೊದಲೇ ನೊಗದ ಕಾರು ಕೊಂಡವರು 700 ಡಾಲರ್ ತೆತ್ತು ಬದಲಾಯಿಸಿಕೊಳ್ಳುವ ಅವಕಾಶವನ್ನೂ ಮಾಡಿತು.

ಕಾರಿನ ಒಡೆಯರು ಮಾತ್ರ ಬದಲಾಯಿಸಿಕೊಂಡಿರಲಿಲ್ಲ. ಅವರ ಅಭಿಪ್ರಾಯವನ್ನು ಅವರ ಮಾತಿನಲ್ಲೇ ಹೇಳುವುದಾದರೆ, "ಹೈವೇ ಮೇಲೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಎದುರಿನ ಮೀಟರೆಲ್ಲ ನಿಚ್ಚಳ ಕಾಣ್ತದೆ. ಕೈ ತೊಡೆಯ ಮೇಲಿಟ್ಟು ಆರಾಮಾಗಿ ಹಿಡಿದುಕೊಂಡು ಹೋಗಬಹುದು." ಪಾರ್ಕಿಂಗಿನಲ್ಲಿ ಹೇಗೆಂದು ಕೇಳಿದೆವು. ಅವರು ಉತ್ತರಿಸುವ ಮೊದಲೇ ಅವರ ಧರ್ಮಪತ್ನಿಯವರು, "ಅದನ್ನು ನನ್ನನ್ನ ಕೇಳ್ರಿ" ಎಂದು ಮುಂದೆ ಬಂದರು. ಕಾರನ್ನು ಪೂರ್ತಿ ತಿರುಗಿಸಿ ಸಾಲಿನೊಳಗೆ ನಿಲ್ಲಿಸುವಾಗ ಕೈ ಮೇಲಕ್ಕೆ ಹೋಗಿ ಚಕ್ರವನ್ನು ಹಿಡಿಯಲು ನೋಡುತ್ತದೆ, ಅಲ್ಲಿ ಬರಿಯ ಗಾಳಿ. ಅಷ್ಟರಲ್ಲಿ ನೊಗವು ತಲೆಕೆಳಗಾಗಿರುತ್ತದೆ. ಅವರು ಆ ಕಾರನ್ನು ಓಡಿಸುವುದನ್ನೇ ಬಿಟ್ಟಿದ್ದಾರೆ. ಗಿಡ್ಡ ಎತ್ತರದ ಇನ್ನೊಬ್ಬ ಸೋದರಿಯವರ ಮತ ಇದಕ್ಕೆ ವಿರುದ್ಧವಾಗಿತ್ತು. ಗುಂಡು ಚಕ್ರದ ಮೇಲಂಚು ತಮ್ಮ ಕಣ್ಣಿಗೆ ಯಾವಾಗಲೂ ಅಡ್ಡ ಬರುತ್ತಿತ್ತು, ನೊಗವೇ ವಾಸಿ ಎಂದರು. ಅಂಗಳದಲ್ಲಿ ನಿಂತಿದ್ದ ಗಂಡಸರು ಬ್ಯಾಟರಿ, ವೇಗ, ಬೆಲೆಗಳನ್ನು ಕುರಿತು ತಾಸುಗಟ್ಟಲೆ ಮಾತನಾಡಿದರು. ಕೈಗೂ ಕಣ್ಣಿಗೂ ಸಂಬಂಧಿಸಿದ ಖರೆಯ ಮಾತುಗಳು ಬಂದದ್ದು ಹೆಣ್ಣುಮಕ್ಕಳಿಂದ ಎಂಬುದನ್ನು ಇಲ್ಲಿ ದಾಖಲಿಸುತ್ತೇವೆ.

ನೊಗದ ತೊಡಕು ಆಕಾರದಲ್ಲಿ ಮಾತ್ರ ಇಲ್ಲ, ಅದರ ಹಿಂದಿರುವ ಲೆಕ್ಕದಲ್ಲಿದೆ ಎಂದು ಅಳಿಯಂದಿರು ಮನೆಗೆ ಬರುವ ದಾರಿಯಲ್ಲಿ ವಿವರಿಸಿದರು. ಸಾಮಾನ್ಯ ಕಾರಿನಲ್ಲಿ ಗಾಲಿಗಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೊರಳಬೇಕಾದರೆ ಸ್ಟಿಯರಿಂಗನ್ನು ಎರಡೂವರೆ, ಮೂರು ಸುತ್ತು ತಿರುಗಿಸಬೇಕು. ಅಷ್ಟು ಸುತ್ತುವ ವಸ್ತು ಗುಂಡಗಿದ್ದರೇ ಚೆನ್ನ. ಎಲ್ಲಿ ಹಿಡಿದರೂ ಹಿಡಿ ಸಿಗುತ್ತದೆ. ವಿಮಾನದ ನೊಗವನ್ನು ಅಷ್ಟು ಸುತ್ತುವ ಪ್ರಸಂಗವೇ ಇಲ್ಲ. ಆದ್ದರಿಂದ ಆಕಾರವನ್ನು ಬದಲಿಸುವವರು ಲೆಕ್ಕವನ್ನೂ ಬದಲಿಸಬೇಕು. ಸ್ಟಿಯರಿಂಗಿಗೂ ಗಾಲಿಗೂ ನಡುವೆ ಉಕ್ಕಿನ ದಂಡವನ್ನೇ ತೆಗೆದು, ತಂತಿಯ ಮೂಲಕ ಆಜ್ಞೆ ಕಳುಹಿಸುವ ಏರ್ಪಾಡು ಈಗ ಬಂದಿದೆ. ನಿಧಾನವಾಗಿ ಹೋಗುವಾಗ ಸ್ವಲ್ಪ ತಿರುಗಿಸಿದರೂ ಗಾಲಿ ಬಹಳ ಹೊರಳುತ್ತದೆ; ವೇಗದಲ್ಲಿ ಹೋಗುವಾಗ ಅಷ್ಟೇ ತಿರುಗಿಸಿದರೆ ಕೊಂಚವೇ ಹೊರಳುತ್ತದೆ. 2023ರ ನವೆಂಬರಿನಲ್ಲಿ ಮೊದಲು ಗ್ರಾಹಕರ ಕೈಸೇರಿದ ಸೈಬರ್‌ಟ್ರಕ್ ಎಂಬ ತಗಡಿನ ಪೆಟ್ಟಿಗೆಯಂಥ ವಾಹನದಲ್ಲಿ ಈ ಏರ್ಪಾಡಿದೆ. ಅದರ ಸ್ಟಿಯರಿಂಗಿಗೆ ಈ ಕೊನೆಯಿಂದ ಆ ಕೊನೆಗೆ ಒಂದು ಪೂರ್ತಿ ಸುತ್ತೂ ಬೇಕಿಲ್ಲ. ಫ್ರೀಮಾಂಟಿನ ಬೀದಿಗಳಲ್ಲಿ ಅದನ್ನು ನಾವು ಹಲವು ಬಾರಿ ಕಂಡೆವು. ನಮ್ಮ ಕಣ್ಣಿಗೆ ಅದು ಅಂದವಾಗಿ ಕಾಣಲಿಲ್ಲ. ಮೊಮ್ಮಗನಿಗೆ ಅದರ ಮೇಲೆ ಬಹಳ ಮೋಹ.

ಹೊಸತೆಂಬ ಕಾರಣಕ್ಕೆ ಹಳಿಯುವ ಬುದ್ಧಿ ನಮ್ಮದಲ್ಲ. ಈಗ ನಾವು ಸನಾತನವೆಂದು ತಿಳಿದಿರುವ ಗುಂಡು ಸ್ಟಿಯರಿಂಗೇ ಒಂದು ಕಾಲದಲ್ಲಿ ಹೊಸ ಹುಚ್ಚಾಗಿತ್ತು. ಮೊದಲ ಮೋಟಾರು ಗಾಡಿಗಳಿಗೆ ದೋಣಿಯ ಚುಕ್ಕಾಣಿಯಂಥ ಒಂದು ದಂಡವಿರುತ್ತಿತ್ತು. 1894ರಲ್ಲಿ ಪ್ಯಾರಿಸ್‌ನಿಂದ ರುವಾನ್ ಪಟ್ಟಣದವರೆಗೆ ನಡೆದ ಮೋಟಾರು ಪಂದ್ಯದಲ್ಲಿ ವಾಶೆರೋನ್ ಎಂಬವನು ತನ್ನ ಗಾಡಿಗೆ ದಂಡದ ಬದಲು ಚಕ್ರವನ್ನು ಜೋಡಿಸಿಕೊಂಡು ಬಂದನು. ವೇಗ ಹೆಚ್ಚಿದಂತೆ ದಂಡ ಕೈತಪ್ಪುತ್ತಿತ್ತು, ಚಕ್ರ ತಪ್ಪುತ್ತಿರಲಿಲ್ಲ. ಹೀಗಾಗಿ ಚಕ್ರವೇ ಲೋಕಮಾನ್ಯವಾಯಿತು. ನಮ್ಮ ಅಂಬಾಸಿಡರಿನಲ್ಲಿಯೂ ಗೇರು ನೆಲದ ಮೇಲಿರದೆ ಸ್ಟಿಯರಿಂಗಿನ ಮಗ್ಗುಲಿಗಿತ್ತು. ನೆಲದ ಗೇರಿನ ಕಾರು ಬಂದಾಗ ನಾವೂ ತಿಂಗಳುಗಟ್ಟಲೆ ಸ್ಟಿಯರಿಂಗಿನ ಪಕ್ಕದಲ್ಲಿ ಇಲ್ಲದ ಗೇರನ್ನು ಎಳೆದವರೇ. ಯುರೋಪಿನ ಕಂಪನಿಯ ಕಾರನ್ನು ಭಾರತದಲ್ಲಿ ಕೊಂಡವರು ಇಂಡಿಕೇಟರು ಹಾಕಹೋಗಿ ಬಿಸಿಲಿನಲ್ಲಿ ವೈಪರು ಆಡಿಸುವ ದೃಶ್ಯವಂತೂ ನಮ್ಮ ಹುಬ್ಬಳ್ಳಿ ದಾವಣಗೆರೆಗಳಲ್ಲಿ ದಿನವೂ ಕಾಣಸಿಗುತ್ತದೆ. ಕೈ ಕಲಿಯುತ್ತದೆ, ಕೈ ಮರೆಯುತ್ತದೆ. ಆದರೆ ಇಪ್ಪತ್ತರ ಕೈ ಹದಿನೈದು ದಿನದಲ್ಲಿ ಕಲಿತದ್ದನ್ನು ಎಪ್ಪತ್ನಾಲ್ಕರ ಕೈ ಎಷ್ಟು ದಿನದಲ್ಲಿ ಕಲಿತೀತು? ಆ ದಿನಗಳಲ್ಲಿ ನಮ್ಮ ಮನಸ್ಸನ್ನು ಕೊರೆಯುತ್ತಿದ್ದ ಪ್ರಶ್ನೆ ಇದು.

ಒಂದು ದಿನ ಸ್ಯಾನ್ ಹೋಸೆಯ ವಿಮಾನ ನಿಲ್ದಾಣದಿಂದ ಬಾಡಿಗೆ ಕಾರಿನಲ್ಲಿ ಬರುವಾಗ ಚಾಲಕರು ಜಾಲಂಧರದ ಕಡೆಯ ಸರದಾರರು. ಅವರದೂ ಲಿವರಿಲ್ಲದ ವಿದ್ಯುತ್ ಕಾರೇ. ನಮ್ಮ ಮುರುಕು ಹಿಂದಿಯಲ್ಲಿ ಅವರ ಅಭಿಪ್ರಾಯವನ್ನು ಕೇಳಿದೆವು. ಪೆಟ್ರೋಲಿನ ಖರ್ಚು ಉಳಿಯಿತು, ಕಾರಿನ ಮೇಲೆ ತಮಗೆ ದೂರಿಲ್ಲ, ಆದರೆ ದಿನಕ್ಕೆ ಹನ್ನೆರಡು ತಾಸು ಬೀದಿಯಲ್ಲಿರುವವನಿಗೆ ಬೆರಳಿನ ಕೆಲಸಕ್ಕಿಂತ ಕೈಯ ಕೆಲಸ ಹಗುರ ಎಂದರು. ಲಿವರನ್ನು ಕತ್ತಲೆಯಲ್ಲಿಯೂ ತಟ್ಟಬಹುದು, ಚಳಿಗೆ ಕೈಗವಸು ತೊಟ್ಟಾಗಲೂ ತಟ್ಟಬಹುದು, ಸ್ಟಿಯರಿಂಗು ಎಷ್ಟು ಹೊರಳಿದ್ದರೂ ಅದು ತನ್ನ ಜಾಗದಲ್ಲೇ ಇರುತ್ತದೆ. ಗುಂಡಿಯಾದರೋ ಸ್ಟಿಯರಿಂಗಿನೊಡನೆ ತಾನೂ ತಿರುಗುತ್ತದೆ. ಅರ್ಧ ಸುತ್ತು ಹೊರಳಿದಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ವೃತ್ತಾಕಾರದ ಸರ್ಕಲುಗಳು ಹೆಚ್ಚಾಗಿರುವ ನಾರ್ವೆ, ಇಂಗ್ಲೆಂಡುಗಳಂಥ ದೇಶಗಳ ಚಾಲಕರು ಇದೇ ಆಕ್ಷೇಪವನ್ನು ಎಲ್ಲರಿಗಿಂತ ಗಟ್ಟಿಯಾಗಿ ಎತ್ತಿದ್ದಾರೆ. ಸರ್ಕಲನ್ನು ಸುತ್ತುತ್ತಿರುವಾಗಲೇ ಅಲ್ಲಿಂದ ಹೊರಬೀಳುವ ಸೂಚನೆಯನ್ನು ಕೊಡಬೇಕಾಗುತ್ತದೆ. ಆಗ ಗುಂಡಿ ಎಲ್ಲಿದೆಯೆಂದು ಕಣ್ಣು ಕೆಳಗಿಳಿದರೆ ರಸ್ತೆಯನ್ನು ನೋಡುವವರು ಯಾರು?

ಸರದಾರರ ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು. ಸ್ಟಿಯರಿಂಗು ನನಗಾಗಿ, ಬ್ರೇಕು ನನಗಾಗಿ, ಇಂಡಿಕೇಟರು ಮಾತ್ರ ಬೇರೆಯವರಿಗಾಗಿ ಎಂದರು. ವಿಚಾರಿಸಿ ನೋಡಿದರೆ ಹೌದು. ಕಾರಿನೊಳಗೆ ಕುಳಿತವನು ತಾನು ಎತ್ತ ಹೋಗುವನೆಂಬುದನ್ನು ಅರಿತೇ ಇರುತ್ತಾನೆ. ಅರಿಯದವರು ಹಿಂದಿನವರು, ಎದುರಿನವರು, ರಸ್ತೆ ದಾಟಲು ನಿಂತ ಮಗು. ಕ್ಯಾಲಿಫೋರ್ನಿಯದ ಕಾಯಿದೆಯಂತೆ ತಿರುಗುವ ಮೊದಲಿನ 100 ಅಡಿ ದೂರ ಸೂಚನೆಯನ್ನು ಕೊಡುತ್ತಲೇ ಇರಬೇಕು. ತನ್ನ ಕಾರಿನ ಬೆಡಗನ್ನು ಹೆಚ್ಚಿಸಿಕೊಳ್ಳಲು ಕಂಪನಿಗೂ ಕೊಳ್ಳುವವನಿಗೂ ಅಧಿಕಾರವಿರಬಹುದು. ಇನ್ನೊಬ್ಬರಿಗೆ ಸಲ್ಲಬೇಕಾದ ಮಾತನ್ನು ಒಂದು ಕ್ಷಣ ತಡಮಾಡುವ ಅಧಿಕಾರ ಅವರಿಬ್ಬರಿಗೂ ಇದೆಯೆಂದು ನಮಗನ್ನಿಸುವುದಿಲ್ಲ.

ಜುಲೈ ತಿಂಗಳಿನಲ್ಲಿ ಬೀಗರು ತಾವಾಗಿಯೇ, "ಒಂದು ಸಲ ನೋಡೂಣು" ಎಂದರು. ಭಾನುವಾರದ ಬೆಳಗಿನ ತಂಪಿನಲ್ಲಿ ಬೀದಿಗಳು ಬರಿದಾಗಿದ್ದವು. ಬೀಗರು ಸ್ಟಿಯರಿಂಗಿಗೆ, ಪಕ್ಕದಲ್ಲಿ ಅಳಿಯಂದಿರು, ಹಿಂದೆ ನಾವಿಬ್ಬರು. ಶಾಲೆಯ ಬಯಲಿನಲ್ಲಿ ಹತ್ತು ಸುತ್ತು ಹಾಕಿದ ಮೇಲೆ ಧೈರ್ಯ ಬಂದು ಬೀದಿಗೆ ಇಳಿದೆವು. ಅಲ್ಲಿನ ಬಡಾವಣೆಗಳಲ್ಲಿ ನಾಲ್ಕು ಕಡೆಯ ಸ್ಟಾಪ್ ಎಂಬ ಪದ್ಧತಿಯಿದೆ. ಪೊಲೀಸನಿಲ್ಲ, ಸಿಗ್ನಲ್ ದೀಪವಿಲ್ಲ. ನಾಲ್ಕೂ ಕಡೆಯಿಂದ ಬಂದವರು ಪೂರ್ತಿ ನಿಲ್ಲಬೇಕು, ಮೊದಲು ನಿಂತವರು ಮೊದಲು ಹೊರಡಬೇಕು, ಒಟ್ಟಿಗೆ ನಿಂತರೆ ಬಲಗಡೆಯವರಿಗೆ ದಾರಿ ಬಿಡಬೇಕು. ಯಾರೂ ನೋಡದಿದ್ದರೂ ಜನ ಇದನ್ನು ಪಾಲಿಸುವುದನ್ನು ಕಂಡು ನಮಗೆ ಸಂತೋಷವಾಯಿತು. ಆದರೆ ಯಾರು ಎತ್ತ ತಿರುಗುವರೆಂಬುದು ತಿಳಿದರಷ್ಟೇ ಈ ಏರ್ಪಾಡು ನಡೆಯುವಂಥದು.

ಬೀಗರು ನಿಂತರು. ಎಡಕ್ಕೆ ಹೋಗಬೇಕಿತ್ತು. ಅವರ ಎಡಗೈ ಸ್ಟಿಯರಿಂಗಿನ ಹಿಂದಕ್ಕೆ ಹೋಗಿ ಬರಿಗಾಳಿಯನ್ನು ತಟ್ಟಿತು. ಹೆಬ್ಬೆರಳು ಗುಂಡಿಯನ್ನು ಹುಡುಕಿತು, ಒತ್ತಿದ್ದು ಕೆಳಗಿನದನ್ನು. ಬಲದ ದೀಪ ಮಿನುಗಿತು. ಅದನ್ನು ಆರಿಸಲು ಹೋದಾಗ ಇನ್ನೊಮ್ಮೆ ಅದೇ ಹೊತ್ತಿತು. ಅಷ್ಟರಲ್ಲಿ ಎದುರಿಗೊಂದು ಕಾರು, ಬಲಕ್ಕೊಂದು, ಹಿಂದೊಂದು ಬಂದು ನಿಂತವು. ಹಿಂದಿನವನು ಹಾರ್ನ್ ಬಾರಿಸಿದನು. ಅಮೆರಿಕದಲ್ಲಿ ಹಾರ್ನ್ ಎಂದರೆ ಬೈಗುಳಕ್ಕೆ ಸಮಾನ. ಆರು ತಿಂಗಳಲ್ಲಿ ನಾವು ಬೆರಳೆಣಿಕೆಯಷ್ಟು ಸಲ ಮಾತ್ರ ಕೇಳಿದ್ದೆವು. ಬೀಗರ ಕತ್ತಿನ ಮೇಲೆ ಬೆವರೊಡೆದದ್ದು ಹಿಂದೆ ಕುಳಿತ ನಮಗೆ ಕಂಡಿತು. ಅಳಿಯಂದಿರು, "ಅಪ್ಪಾ, ನಾನು ಒತ್ತಲೇನು?" ಎಂದು ಕೈ ಚಾಚಿದರು.

ಬೀಗರು ಉತ್ತರಿಸಲಿಲ್ಲ. ಗಾಳಿಗೆಂದು ತೆರೆದಿದ್ದ ಕಿಟಕಿಯಿಂದ ಎಡಗೈಯನ್ನು ಹೊರಗೆ ಹಾಕಿ, ನೇರವಾಗಿ, ತರಗತಿಯಲ್ಲಿ ಹುಡುಗನಿಗೆ ಬಾಗಿಲು ತೋರಿಸುವ ಮಾಸ್ತರರಂತೆ ಚಾಚಿದರು. ಎದುರಿನ ಕಾರಿನಲ್ಲಿದ್ದ ನರೆಗೂದಲಿನ ಹೆಣ್ಣುಮಗಳು ಅದನ್ನು ನೋಡಿ ತಲೆಯಾಡಿಸಿ, ನೀವು ಹೋಗಿ ಎಂದು ಕೈಬೀಸಿದರು. ನಾವು ಎಡಕ್ಕೆ ತಿರುಗಿದೆವು. ಆ ಬೀದಿ ಮುಗಿಯುವವರೆಗೆ ಕಾರಿನೊಳಗೆ ಯಾರೂ ಮಾತನಾಡಲಿಲ್ಲ.

ಮನೆಗೆ ಬಂದ ಮೇಲೆ ಈ ಸಂಗತಿಯನ್ನು ಎಲ್ಲರಿಗಿಂತ ಹೆಚ್ಚು ಕುತೂಹಲದಿಂದ ಕೇಳಿದವಳು ದೊಡ್ಡ ಮೊಮ್ಮಗಳು. ಆಗ ಅವಳಿಗೆ ಹದಿನೈದೂವರೆ ತುಂಬಿ ಕಲಿಕೆಯ ಪರ್ಮಿಟ್ಟು ಬಂದಿತ್ತು. ಅಲ್ಲಿನ ನಿಯಮದಂತೆ ಹದಿನೆಂಟರೊಳಗಿನವರು ಪರ್ಮಿಟ್ಟು ಪಡೆದು ಆರು ತಿಂಗಳಾದರೂ ಕಳೆಯಬೇಕು. ಲೈಸೆನ್ಸು ಉಳ್ಳ, ಇಪ್ಪತ್ತೈದು ದಾಟಿದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ತಾಸು ಅಭ್ಯಾಸ ಮಾಡಬೇಕು, ಅದರಲ್ಲಿ 10 ತಾಸು ರಾತ್ರಿಯ ಹೊತ್ತು. ತಾಯಿತಂದೆಗಳಿಗೆ ಕೆಲಸದಿಂದ ಬಿಡುವಿಲ್ಲ. ಪರೀಕ್ಷೆಯ ದಿನ ಅಧಿಕಾರಿಯು ಕೈಸನ್ನೆಗಳನ್ನು ಮಾಡಿತೋರಿಸಲು ಹೇಳುತ್ತಾರೆಂದೂ ತನಗೆ ಅವು ಬಾರವೆಂದೂ ಹುಡುಗಿ ಹೇಳಿದಳು. ಬೆರಳ ತುದಿಯಲ್ಲಿ ನಡೆಯುವ ವಿದ್ಯುತ್ ಕಾರಿನಲ್ಲಿ ಕುಳಿತು ಪರೀಕ್ಷೆ ಕೊಡುವವರೂ ಕಿಟಕಿಯಿಂದ ಕೈ ಚಾಚಿ ತೋರಿಸಲೇಬೇಕಂತೆ. ಇದನ್ನು ಕೇಳಿ ಬೀಗರ ಮುಖ ಎಷ್ಟೋ ದಿನಗಳ ಮೇಲೆ ಅರಳಿತು.

ಮರುದಿನದಿಂದ ಅಜ್ಜ ಮೊಮ್ಮಗಳ ಪಾಠ ಆರಂಭವಾಯಿತು. ಅಜ್ಜ ಕೈಸನ್ನೆ ಕಲಿಸುವುದು: ಎಡಗೈ ನೇರ ಚಾಚಿದರೆ ಎಡಕ್ಕೆ, ಮೊಣಕೈ ಮಡಚಿ ಮೇಲೆತ್ತಿದರೆ ಬಲಕ್ಕೆ, ಕೆಳಗಿಳಿಸಿದರೆ ನಿಲ್ಲುವೆನೆಂದು. ನಮ್ಮ ದೇಶದಲ್ಲಿ ಚಾಲಕರು ಬಲಕ್ಕೆ ಕುಳಿತು ಬಲಗೈಯಿಂದ ತೋರಿಸುವುದರಿಂದ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಎಡಕ್ಕೆ ಹೋಗುವೆನೆಂದರೆ ಚಾಚಿದ ಬಲಗೈಯನ್ನು ಗಾಳಿಯಲ್ಲಿ ಸುತ್ತಿಸಬೇಕು. ಎರಡು ದೇಶಗಳ ಸನ್ನೆಗಳನ್ನೂ ಬೀಗರು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತು ಮಾಡಿತೋರಿಸುವಾಗ ನೆರೆಮನೆಯ ಚೀನೀ ಅಜ್ಜಿ ಬೇಲಿಯಾಚೆ ನಿಂತು ವ್ಯಾಯಾಮವೆಂದು ಭಾವಿಸಿ ತಾನೂ ಕೈಯಾಡಿಸಿದರು. ಮೊಮ್ಮಗಳು ಅದಕ್ಕೆ ಪ್ರತಿಯಾಗಿ ಗುಂಡಿಗಳನ್ನು ಕಲಿಸಿದಳು. ಅವಳಿಗೆ ಅವು ತೊಡಕೇ ಅಲ್ಲ. ಕಾರೆಂದರೆ ಹೀಗೆಯೇ ಇರುವುದೆಂದು ಅವಳ ಕೈ ತಿಳಿದಿತ್ತು. ಮೂಲೆಯಲ್ಲಿ ನಿಂತಿದ್ದ ಕೊರೊಲ್ಲಾದಲ್ಲಿ ಒಮ್ಮೆ ಕುಳಿತು, "ಅಜ್ಜಾ, ಈ ಕಡ್ಡಿ ಕಾಲಿಗೆ ತಾಕೂದಿಲ್ಲೇನು?" ಎಂದು ಕೇಳಿದಳಂತೆ. ಅವಳ ಉಪಾಯ ಸರಳವಾಗಿತ್ತು. ಮೇಲಿನ ಗುಂಡಿಗೆ ತನ್ನ ಉಗುರುಬಣ್ಣದ ಒಂದು ತೊಟ್ಟು ಇಟ್ಟಳು. ಒಣಗಿದ ಮೇಲೆ ಅದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವಂತಾಯಿತು. ಅಳಿಯಂದಿರು ಹೊಸ ಕಾರಿನ ಮೇಲೆ ಕಲೆಯೆಂದು ಮುಖ ಗಂಟಿಕ್ಕಿದರು, ಏನೂ ಅನ್ನಲಿಲ್ಲ.

ನಾವು ಅಕ್ಟೋಬರಿನಲ್ಲಿ ಹೊರಟು ನಿಂತಾಗ ಬೀಗರು ಶಾಲೆಗೆ ಹೋಗಿ ಮೊಮ್ಮಗನನ್ನು ಕರೆತರುವಷ್ಟಾಗಿದ್ದರು. ಹೆದ್ದಾರಿಗೆ ಇಳಿಯುತ್ತಿರಲಿಲ್ಲ. ಕಣ್ಣು ಕಾಣದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಮಾತ್ರ ಮತ್ತೊಬ್ಬರ ಪಾಲಾಗಿತ್ತು. ಅದಕ್ಕೆ ಹೆದ್ದಾರಿಯೇ ದಾರಿ. ಆ ಹಿರಿಯರು ಫೋನಿನಲ್ಲಿ, "ಇನ್ನ ಯಾವಾಗ ಬರ್ತೀರಿ ಸರ?" ಎಂದು ಕೇಳುವಾಗ ಬೀಗರು ಕಾರಿನ ನೆಪ ಹೇಳದೆ ತಮ್ಮ ಮೊಣಕಾಲಿನ ನೆಪ ಹೇಳುತ್ತಿದ್ದುದನ್ನು ನಾವು ಕೇಳಿಸಿಕೊಂಡಿದ್ದೇವೆ.

ಊರಿಗೆ ಬಂದ ಮೇಲೂ ಈ ವಿಷಯದ ಸುದ್ದಿಗಳತ್ತ ನಮ್ಮ ಕಿವಿ ನೆಟ್ಟಿತ್ತು. ಟೆಸ್ಲಾ ಕಂಪನಿಯು 2024ರ ಆರಂಭಕ್ಕೆ ಅಮೆರಿಕದಲ್ಲಿ ಬಿಟ್ಟ ಹೊಸ ಮಾಡೆಲ್ 3 ಕಾರಿನಿಂದ ಲಿವರುಗಳನ್ನು ತೆಗೆದಿತ್ತಷ್ಟೆ. 2025ರ ಜನವರಿಯಲ್ಲಿ ಬಂದ ಹೊಸ ಮಾಡೆಲ್ ವೈ ಕಾರಿನಲ್ಲಿ ಇಂಡಿಕೇಟರಿನ ಲಿವರನ್ನು ಹಾಗೆಯೇ ಉಳಿಸಿಕೊಂಡಿತು. ಅದೇ ವರ್ಷ ಚೀನಾದಲ್ಲಿ ಮಾಡೆಲ್ 3ಕ್ಕೂ ಲಿವರು ಮರಳಿ ಬಂದಿತು. ಲಿವರಿಲ್ಲದೆ ಕೊಂಡವರು 2,499 ಯುವಾನ್ ಕೊಟ್ಟು ಹಾಕಿಸಿಕೊಳ್ಳಬಹುದೆಂದೂ ಸಾರಿದರು. 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಆ ಕಂಪನಿ ತನ್ನ ಮೊದಲ ಭಾರತೀಯ ಮಳಿಗೆಯನ್ನು ತೆರೆದಾಗ ಮಾರಾಟಕ್ಕಿಟ್ಟದ್ದು ಲಿವರಿರುವ ಮಾಡೆಲ್ ವೈ ಕಾರನ್ನೇ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು 2026ರಿಂದ ಹೊಸ ಕಟ್ಟಳೆ ಮಾಡಿದೆ: ಇಂಡಿಕೇಟರು, ಅಪಾಯ ಸೂಚಕ ದೀಪ, ವೈಪರು, ಹಾರ್ನ್, ತುರ್ತು ಕರೆ, ಈ ಐದಕ್ಕೆ ಪರದೆಯ ಮೇಲಿನ ಚಿತ್ರಗಳು ಸಾಲವು, ಕೈಗೆ ಸಿಗುವ ಸಾಧನಗಳಿದ್ದರೇ ಪೂರ್ತಿ ಅಂಕ. ಆದರೆ ನೊಗ ಸತ್ತಿತೆಂದು ಯಾರೂ ತಿಳಿಯಬೇಕಾಗಿಲ್ಲ. ಟೊಯೋಟದವರ ಲೆಕ್ಸಸ್ ವಿಭಾಗವು 2025ರಲ್ಲಿ ಪ್ರಕಟಿಸಿದ ಹೊಸ ಆರ್‌ಜೆಡ್ ಕಾರಿನಲ್ಲಿ ನೊಗದ ಜೊತೆಗೆ ತಂತಿಯ ಏರ್ಪಾಡನ್ನೂ ಅಳವಡಿಸಿದ್ದಾರೆ. ಎಡಕ್ಕೆ ಬಲಕ್ಕೆ ಸುಮಾರು 200 ಡಿಗ್ರಿಗಿಂತ ಹೆಚ್ಚು ತಿರುಗಿಸುವ ಅಗತ್ಯವಿಲ್ಲವಂತೆ. ಆಕಾರದೊಡನೆ ಲೆಕ್ಕವೂ ಬದಲಾಗಿರುವುದರಿಂದ ಅದು ಬಾಳಿಕೆ ಬಂದೀತೆಂದು ನಮ್ಮ ಅಳಿಯಂದಿರ ಅಭಿಪ್ರಾಯ.

ಲಿವರು ಮರಳಿ ಬಂದ ಸುದ್ದಿಯನ್ನು ನಾವು ಬಹಳ ಉತ್ಸಾಹದಿಂದ ಬೀಗರಿಗೆ ಫೋನು ಮಾಡಿ ತಿಳಿಸಿದೆವು. ಮೊಮ್ಮಗಳು ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಲೈಸೆನ್ಸು ಪಡೆದಿದ್ದಳು. ಕೈಸನ್ನೆಯಲ್ಲಿ ಒಂದು ತಪ್ಪೂ ಆಗಿರಲಿಲ್ಲವಂತೆ. ಕೊರೊಲ್ಲಾವನ್ನು ಗುಜರಿಯವರು ಒಯ್ದು ತಿಂಗಳಾಗಿತ್ತು. ಬೀಗರು ನಮ್ಮ ಮಾತನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದೇನ್ರಿ? ಮೊದಲ ನಮ್ಮನ್ನ ಕೇಳಿದ್ರ ಆಗ್ತಿತ್ತು" ಎಂದರು. ಬಳಿಕ ಎರಡು ಗಂಟೆಯಾಯಿತೆಂದೂ ಹುಡುಗನ ಶಾಲೆ ಬಿಡುವ ಹೊತ್ತಾಯಿತೆಂದೂ ಹೇಳಿ ಫೋನು ಇಟ್ಟರು.